ಗೀರು ಬಿದ್ದ ವಾಚಿಗೆ ಪಾಲಿಶ್ ಬೇಕೆ?

ಪ್ರಶ್ನೆ: ಚಿನ್ನ, ಸ್ಟೀಲ್ ಎರಡೂ ಇರುವ ರೋಲೆಕ್ಸ್ ಡೇಟ್‌ಜಸ್ಟ್ ಕೊಂಡು ಆರು ತಿಂಗಳಾಯಿತು. ಚೈನ್ ತುಂಬ ಗೀರು. ನೋಡಿದಾಗಲೆಲ್ಲ ಸಂಕಟ. ಪಾಲಿಶ್ ಮಾಡಿಸಲೇ?

ಉತ್ತರ: ಈಗ ಬೇಡ. ಹೊಸ ವಾಚಿನ ಮೊದಲ ಗೀರು ಎಷ್ಟು ಚುಚ್ಚುತ್ತದೆಂದು ಬಲ್ಲೆ. ಆದರೆ ಲೋಹದ ಗುಣವೇ ಹಾಗೆ. 18 ಕ್ಯಾರೆಟ್ ಎಂದರೆ ಶೇ 75ರಷ್ಟು ಚಿನ್ನ. ಗಟ್ಟಿಯಾಗಲೆಂದು ತಾಮ್ರ, ಬೆಳ್ಳಿ ಬೆರೆಸಿದರೂ ಅದು ಸ್ಟೀಲಿಗಿಂತ ಮೆದು. ಚೈನಿನ ನಡುವಿನ ಚಿನ್ನದ ಕೊಂಡಿಗಳು ಕನ್ನಡಿಯಂತೆ ಹೊಳೆಯುವುದರಿಂದ ಕೂದಲೆಳೆಯ ಗೆರೆಯೂ ಅಲ್ಲಿ ಎದ್ದು ಕಾಣುತ್ತದೆ. ಸ್ಟೀಲೂ ಪಾರಾಗದು, ದೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಗಟ್ಟಿ. ಸುಲಭಕ್ಕೆ ಬಗ್ಗದಿರುವುದು ಮೇಲಿನ ಸಫೈರ್ ಗಾಜು ಮಾತ್ರ.

ಪಾಲಿಶ್ ಮಾಡುವಾಗ ಯಾರೂ ಗೀರನ್ನು ತುಂಬುವುದಿಲ್ಲ, ಸುತ್ತಲಿನ ಲೋಹವನ್ನು ಗೀರಿನ ಆಳದವರೆಗೆ ತೇಯುತ್ತಾರೆ. ಪದೇ ಪದೇ ಮಾಡಿಸಿದರೆ ಕೇಸಿಗೆ ಚೈನ್ ಸೇರುವಲ್ಲಿನ ಚೂಪು ಅಂಚುಗಳು ದುಂಡಗಾಗುತ್ತವೆ. ತೇದ ಚಿನ್ನ ಮರಳಿ ಬರುವುದಿಲ್ಲ. ಹಳೆಯ ವಾಚು ಸಂಗ್ರಹಿಸುವವರು ಪಾಲಿಶ್ ಕಾಣದ ಕೇಸನ್ನು ಹುಡುಕಿ ಹೆಚ್ಚು ಬೆಲೆ ಕೊಡುವುದು ಇದಕ್ಕೇ. ಕೆಲವು ವರ್ಷಗಳ ನಂತರ ಸರ್ವಿಸಿಗೆ ಕೊಟ್ಟಾಗ, ಆಗಲೂ ಬೇಕೆನಿಸಿದರೆ, ಹಗುರವಾಗಿ ಒಮ್ಮೆ ಮಾಡಿಸಿ. ಬೇಡವೆಂದಾದರೆ ವಾಚು ಕೊಡುವಾಗಲೇ ರಸೀದಿಯಲ್ಲಿ ಬರೆಸಿ.

ಅಲ್ಲಿಯವರೆಗೆ ದಿನವೂ ಕಟ್ಟಿ. ಗೀರಿನ ಮೇಲೆ ಗೀರು ಬಿದ್ದು ಯಾವೊಂದೂ ಬೇರೆಯಾಗಿ ಕಾಣದಂತಾಗುತ್ತದೆ, ಇದು ನಿಜಕ್ಕೂ ಆಗುವ ಮಾತು. ಅದೇ ಕೈಗೆ ಕಡಗ ಹಾಕಬೇಡಿ. ಲ್ಯಾಪ್‌ಟಾಪ್ ಮುಂದೆ ಕೂತಾಗ ಬಿಚ್ಚಿ ಬಟ್ಟೆಯ ಚೀಲದಲ್ಲಿಡಿ. ಲಾಕಿನ ಮೇಲಿನ ಗೀರು ಹೆಚ್ಚಾಗಿ ಮೇಜಿನದೇ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದಂತೂ ಬೇಡವೇ ಬೇಡ.