ಮಾರಿಸ್ ಸೆಂಡಾಕ್: ಮಕ್ಕಳ ಸಾಹಿತಿ, ಚಿತ್ರಕಾರ

ಜನನ: 10 ಜೂನ್ 1928, ಬ್ರೂಕ್ಲಿನ್, ನ್ಯೂಯಾರ್ಕ್ (ಅಮೆರಿಕ)
ನಿಧನ: 8 ಮೇ 2012, ಡ್ಯಾನ್‌ಬರಿ, ಕನೆಕ್ಟಿಕಟ್

ಹಿನ್ನೆಲೆ: ಪೋಲೆಂಡ್‌ನಿಂದ ವಲಸೆ ಬಂದ ಯಹೂದಿ ದಂಪತಿಯ ಮಗ. ಬಾಲ್ಯದಲ್ಲಿ ಅನಾರೋಗ್ಯದಿಂದ ಬಹುಕಾಲ ಹಾಸಿಗೆ ಹಿಡಿದಿದ್ದರು. ಆರಂಭದಲ್ಲಿ ನ್ಯೂಯಾರ್ಕ್‌ನ ಆಟಿಕೆ ಮಳಿಗೆಯೊಂದರ ಪ್ರದರ್ಶನ ಕಿಟಕಿಗಳನ್ನು ಅಲಂಕರಿಸುವ ಕೆಲಸ ಮಾಡಿದರು. 1950ರ ದಶಕದಲ್ಲಿ ಇತರ ಲೇಖಕರ ಪುಸ್ತಕಗಳಿಗೆ ಚಿತ್ರ ಬರೆದು ಹೆಸರಾದರು.

ಪ್ರಮುಖ ಕೃತಿಗಳು
- ವೇರ್ ದ ವೈಲ್ಡ್ ಥಿಂಗ್ಸ್ ಆರ್ (1963)
- ಇನ್ ದ ನೈಟ್ ಕಿಚನ್ (1970)
- ಔಟ್‌ಸೈಡ್ ಓವರ್ ದೇರ್ (1981)

ಮಹತ್ವ: ವೇರ್ ದ ವೈಲ್ಡ್ ಥಿಂಗ್ಸ್ ಆರ್ ಕೃತಿಯ ನಾಯಕ ಮ್ಯಾಕ್ಸ್. ತುಂಟತನಕ್ಕಾಗಿ ಊಟವಿಲ್ಲದೆ ಕೋಣೆಗೆ ಕಳುಹಿಸಲ್ಪಟ್ಟ ಈ ಹುಡುಗ ಕಲ್ಪನೆಯಲ್ಲೇ ವಿಕಾರ ಪ್ರಾಣಿಗಳ ನಾಡಿಗೆ ಹೋಗಿ ರಾಜನಾಗುತ್ತಾನೆ. ಮಕ್ಕಳ ಸಿಟ್ಟು, ಭಯಗಳನ್ನು ಮುಚ್ಚಿಡದೆ ಚಿತ್ರಿಸಿದ್ದರಿಂದ ಪುಸ್ತಕ ಮೊದಲಿಗೆ ಟೀಕೆಗೆ ಗುರಿಯಾಯಿತು. ಮಕ್ಕಳು ಮಾತ್ರ ಮೆಚ್ಚಿಕೊಂಡರು. 2009ರಲ್ಲಿ ಸ್ಪೈಕ್ ಜೋನ್ಜ್ ಇದನ್ನು ಚಲನಚಿತ್ರವಾಗಿಸಿದರು.

ಪ್ರಶಸ್ತಿಗಳು
- 1964: ಕಾಲ್ಡೆಕಾಟ್ ಪದಕ
- 1970: ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ (ಚಿತ್ರಕಲಾ ವಿಭಾಗ)
- 1996: ಅಮೆರಿಕದ ರಾಷ್ಟ್ರೀಯ ಕಲಾ ಪದಕ
- 2003: ಆಸ್ಟ್ರಿಡ್ ಲಿಂಡ್‌ಗ್ರೆನ್ ಸ್ಮಾರಕ ಪ್ರಶಸ್ತಿ (ಮೊದಲ ವರ್ಷ; ಆಸ್ಟ್ರಿಯಾದ ಕ್ರಿಸ್ಟಿನೆ ನೋಸ್ಟ್ಲಿಂಗರ್ ಜೊತೆ ಹಂಚಿಕೆ)

ಗಮನಿಸಿ
- ಕಾಲ್ಡೆಕಾಟ್ ಪದಕ: ಅಮೆರಿಕದ ಗ್ರಂಥಾಲಯ ಸಂಘಕ್ಕೆ ಸೇರಿದ್ದು, ಚಿತ್ರಪುಸ್ತಕದ ಚಿತ್ರಕಾರರಿಗೆ ಪ್ರತಿವರ್ಷ. ಹೆಸರು ಮಾತ್ರ ಇಂಗ್ಲೆಂಡಿನ ಚಿತ್ರಕಾರ ರ‍್ಯಾಂಡಾಲ್ಫ್ ಕಾಲ್ಡೆಕಾಟ್ ಅವರದು.
- ಆಂಡರ್ಸನ್ ಪ್ರಶಸ್ತಿ: ಎರಡು ವರ್ಷಕ್ಕೊಮ್ಮೆ, ಒಟ್ಟು ಸಾಧನೆಗೆ; ಲೇಖಕ ಮತ್ತು ಚಿತ್ರಕಾರರಿಗೆ ಪ್ರತ್ಯೇಕ.
- ಲಿಂಡ್‌ಗ್ರೆನ್ ಪ್ರಶಸ್ತಿ: ಸ್ವೀಡನ್ ಸರ್ಕಾರ 2002ರಲ್ಲಿ ಸ್ಥಾಪಿಸಿದ್ದು.

ಮಾದರಿ ಪ್ರಶ್ನೆ: ಕಾಲ್ಡೆಕಾಟ್ ಪದಕ ಯಾವ ಕ್ಷೇತ್ರಕ್ಕೆ ಸಂಬಂಧಿಸಿದೆ?
(ಎ) ಪತ್ರಿಕೋದ್ಯಮ (ಬಿ) ಮಕ್ಕಳ ಚಿತ್ರಪುಸ್ತಕ (ಸಿ) ಗಣಿತ (ಡಿ) ವಾಸ್ತುಶಿಲ್ಪ
ಉತ್ತರ: (ಬಿ)