ಒಂದು ಹಾಡಿಗೆ ಎಷ್ಟು ಜನ?



ಕೊಟ್ಟೂರು ತೇರಿಗೆ ಹೋದಾಗ ಒಂದು ಅಂಗಡಿಯಲ್ಲಿ ‘ಚುಟು ಚುಟು’ ಹಾಡು ಹಾಕಿದ್ದರು. "ಇದನ್ನ ಹಾಡಿದೋನು ಹೀರೋ ಶರಣ್" ಅಂತ ನಮ್ಮಣ್ಣನ ಹತ್ತಿರ ಪಂದ್ಯ ಕಟ್ಟಿ ಸೋತೆ. ಸೋತ ಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಈ ಹಾಡು 2018ರ ‘ರ‍್ಯಾಂಬೋ 2’ ಚಿತ್ರದ್ದು.

ಬರೆದವರು: ಶಿವು ಭೇರ್ಗಿ
ಸಂಗೀತ: ಅರ್ಜುನ್ ಜನ್ಯ
ಹಾಡಿದವರು: ರವೀಂದ್ರ ಸೊರಗಾವಿ, ಶಮಿತಾ ಮಲ್ನಾಡ್
ಕುಣಿದವರು: ಶರಣ್, ಆಶಿಕಾ ರಂಗನಾಥ್

ನೋಡಿದಿರಾ? ಒಂದು ಹಾಡಿಗೆ ಇಷ್ಟು ಜನ! ವಾದ್ಯ ನುಡಿಸಿದವರು ಬೇರೆ.

ಯೂಟ್ಯೂಬಿನಲ್ಲಿ ಇದನ್ನು 10 ಕೋಟಿಗೂ ಹೆಚ್ಚು ಸಲ ನೋಡಿದ್ದಾರೆ. ಆದರೆ 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ಹಂಗಾದ್ರೆ ಉಳಿದವರು ಎಲ್ಲಿಂದ ಬಂದರು? ನಮ್ಮಣ್ಣ ಒಬ್ಬನೇ ಹತ್ತು ಸಲ ನೋಡಿದರೆ ಲೆಕ್ಕ ಹತ್ತು ಆಗುತ್ತದೆ. ಅದು ‘ಎಷ್ಟು ಸಲ’ ಎಂಬ ಲೆಕ್ಕ, ‘ಎಷ್ಟು ಜನ’ ಎಂಬುದಲ್ಲ.

ಹೊರದೇಶದಲ್ಲೂ ಹೀಗೇ. 2017ರ ಜನವರಿಯಲ್ಲಿ ಪೋರ್ಟೊ ರಿಕೊ ದ್ವೀಪದ ಲೂಯಿಸ್ ಫೋನ್ಸಿ ಮತ್ತು ಡ್ಯಾಡಿ ಯಾಂಕಿ ಸೇರಿ ‘ಡೆಸ್ಪಾಸಿಟೊ’ ಎಂಬ ಸ್ಪ್ಯಾನಿಷ್ ಹಾಡು ಹಾಡಿದರು. ಕುಣಿಯುವ ತಾಳದ ಈ ರೀತಿಗೆ ರೆಗ್ಗೆಟಾನ್ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಕೆನಡಾದ ಜಸ್ಟಿನ್ ಬೀಬರ್ ಕೂಡ ದನಿ ಸೇರಿಸಿದರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 16 ವಾರ ಮೊದಲನೇ ಸ್ಥಾನದಲ್ಲಿತ್ತು. ಎಷ್ಟು ಮಾರಾಟವಾಯಿತು, ರೇಡಿಯೋದಲ್ಲಿ ಎಷ್ಟು ಬಂತು, ಇಂಟರ್ನೆಟ್ಟಿನಲ್ಲಿ ಎಷ್ಟು ಕೇಳಿದರು ಎಂದು ವಾರವಾರ ಲೆಕ್ಕ ಹಾಕಿ ಆ ಪಟ್ಟಿ ಮಾಡುತ್ತಾರೆ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ನಮ್ಮಜ್ಜಿ ಮದುವೆ ಮನೆಯಲ್ಲಿ ಸೋಬಾನೆ ಹಾಡುತ್ತಾಳೆ. "ನಿನ್ ಹಾಡು ಕಟ್ಟಿದ್ದು ಯಾರಜ್ಜಿ?" ಅಂದೆ. "ಯಾರಿಗ್ಗೊತ್ತವ್ವ, ನಮ್ಮತ್ತಿ ಹಾಡ್ತಿದ್ಲು, ನಾ ಕಲ್ತೆ" ಅಂದಳು.

ಅಜ್ಜಿಯ ಹಾಡೂ ಒಬ್ಬರದಲ್ಲ. ಅವಳು ಒಂದು ಸೊಲ್ಲು ಹೇಳಿದರೆ ಆಚೆಮನೆ ಅಜ್ಜಿ ಮುಂದಿನ ಸೊಲ್ಲು ಹೇಳುತ್ತಿದ್ದಳು. ಆ ಅಜ್ಜಿ ಹೋದ ವರ್ಷ ತೀರಿಕೊಂಡಳು. ಈಗ ಕೆಲವು ಹಾಡು ನಡುವೆಯೇ ನಿಲ್ಲುತ್ತವೆ. ಮುಂದಿನ ಸೊಲ್ಲು ಅವಳಿಗೆ ಮಾತ್ರ ಗೊತ್ತಿತ್ತು.

ಸಿನಿಮಾ ಹಾಡಿಗೆ ಹೆಸರೂ ಐತೆ, ಲೆಕ್ಕವೂ ಐತೆ. ಅಜ್ಜಿಯ ಹಾಡಿಗೆ ಎರಡೂ ಇಲ್ಲ. ನಾನು ನೋಟ್‌ಬುಕ್ಕಿನಲ್ಲಿ 4 ಹಾಡು ಬರೆದುಕೊಂಡಿದ್ದೇನೆ, ಕೆಳಗೆ ಹೇಳಿಕೊಟ್ಟವರ ಹೆಸರೂ ಬರೆದಿದ್ದೇನೆ. ನೀವೂ ನಿಮ್ಮ ಮನೆಯಲ್ಲಿ ಕೇಳಿ ಒಂದೊಂದು ಹಾಡು ಬರೆದು ತನ್ನಿ. ಮುಂದಿನ ತಿಂಗಳು ಇದೇ ಗೋಡೆ ಮೇಲೆ ಅಂಟಿಸೋಣ.

– 7ನೇ ತರಗತಿ ವಿದ್ಯಾರ್ಥಿನಿ