ಹಳೇ ಗಿಟಾರ್‌ಗೆ ಅರಗಿನ ಪಾಲಿಶ್

ಬೆಂಗಳೂರಿನ ಮದುವೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾ ನುಡಿಸುತ್ತಿದ್ದ ಹಿರಿಯರೊಬ್ಬರ ಮನೆಯಿಂದ ನನಗೊಂದು ಹವಾಯಿಯನ್ ಗಿಟಾರ್ ಸಿಕ್ಕಿತು. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಕಲ್ಕತ್ತೆಯ ಲಾಲ್‌ಬಜಾರಿನ ಅಂಗಡಿಯ ಚೀಟಿ. ಅಂಗಡಿಯ ಹೆಸರನ್ನು ಹುಳು ತಿಂದಿತ್ತು. ಕಲ್ಕತ್ತೆಯದೆಂಬುದೇನೂ ಆಶ್ಚರ್ಯವಲ್ಲ. ಹವಾಯಿಯಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಜೋಸೆಫ್ ಕೆಕುಕು ರೂಢಿಗೆ ತಂದ ಈ ವಾದನ, 1940ರ ದಶಕದಲ್ಲಿ ಇದನ್ನು ನುಡಿಸುತ್ತಿದ್ದ ಟಾವ್ ಮೋ ಕುಟುಂಬ ಕಲ್ಕತ್ತೆಯಲ್ಲಿದ್ದಾಗ ಆ ಊರಿಗೆ ಇನ್ನಷ್ಟು ಹತ್ತಿರವಾಯಿತು. ಆಮೇಲೆ ರವೀಂದ್ರ ಸಂಗೀತಕ್ಕೂ ಸಿನಿಮಾ ಹಾಡಿಗೂ ಒಗ್ಗಿಕೊಂಡಿತು. ಇದೇ ಕುಲದ ಮೋಹನವೀಣೆಯ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂದದ್ದು ಎಲ್ಲರಿಗೂ ಗೊತ್ತು.

ಗಿಟಾರ್ ಮೈಮೇಲೆ ಬಾಗಿಲಿಗೆ ಹೊಡೆದ ಹಾಗೆ ದಪ್ಪ ವಾರ್ನಿಶ್ ಇತ್ತು. ಅಲ್ಲಲ್ಲಿ ಹಳದಿಯಾಗಿ, ಬಿರುಕು ಬಿಟ್ಟಿತ್ತು. ಇದನ್ನೆಲ್ಲ ತೆಗೆದು ಮನೆಯಲ್ಲೇ ಮತ್ತೆ ಪಾಲಿಶ್ ಮಾಡಬೇಕೆಂದು ಹೊರಟಾಗ ನಮ್ಮ ಬೀದಿಯ ಮರಗೆಲಸದ ಆಚಾರ್ರು ಒಂದೇ ಮಾತು ಹೇಳಿದರು: "ಸಾರ್, ಸ್ಯಾಂಡ್ ಪೇಪರ್ ಆಮೇಲೆ ತಗೊಳ್ಳಿ. ಮೊದ್ಲು ಚೆನ್ನಾಗಿ ನೋಡಿ."

ನೋಡಿದೆ. ಈ ವಾದ್ಯವನ್ನು ಎದೆಗೆ ಆನಿಸಿಕೊಳ್ಳುವುದಿಲ್ಲ, ತೊಡೆಯ ಮೇಲೆ ಮಲಗಿಸಿಕೊಂಡು ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸುತ್ತಾರೆ. ತಂತಿಗಳು ಮೇಲೆದ್ದಿರುವುದರಿಂದ ಮೆಟ್ಟುಗಳಿಗೆ ಬೆರಳಿನ ಒತ್ತಡವೇ ಬೀಳುವುದಿಲ್ಲ. ಹಾಗಾಗಿ ಮಾಮೂಲಿ ಗಿಟಾರ್ ಸವೆಯುವ ಕಡೆ ಇದು ಸವೆದಿರಲಿಲ್ಲ. ಬ್ರಿಡ್ಜ್ ಪಕ್ಕದಲ್ಲಿ ಬಲಗೈ ಅಂಗೈ ಊರಿದ ಕಡೆ ಮರ ಕಪ್ಪಾಗಿತ್ತು. ಹೊಟ್ಟೆಯ ಕಡೆಯ ಅಂಚಿನಲ್ಲಿ ಅಂಗಿ ಗುಂಡಿಯ ಗೀರುಗಳಿದ್ದವು. ತಿರುಗಿಸಿದರೆ ಬೆನ್ನ ಮೇಲೆ, ತೊಡೆಗಳ ಬೆವರು ಮತ್ತು ಕಾವಿಗೆ ಮಂಕಾದ ಎರಡು ಅಗಲ ಪಟ್ಟೆ. ಆ ಪಟ್ಟೆ ವಾರ್ನಿಶ್‌ನ ಕೆಳಗಿತ್ತು. ಅಂದರೆ ಮೊದಲ ಪಾಲಿಶ್ ಇನ್ನೂ ಒಳಗೇ ಇದೆ, ವಾರ್ನಿಶ್ ಯಾರೋ ಆಮೇಲೆ ಬಳಿದದ್ದು.

ಅದನ್ನು ಖಾತ್ರಿ ಮಾಡಿಕೊಳ್ಳುವ ವಿಧಾನ ಸುಲಭ. ತಂತಿ ಕಟ್ಟುವ ತಗಡು ಬಿಚ್ಚಿದರೆ ಅದರ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದ ಜಾಗ ಸಿಗುತ್ತದೆ. ಅಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಒತ್ತಬೇಕು. ಅರಗಿನ ಪಾಲಿಶ್ ಆದರೆ ಅಂಟಂಟಾಗುತ್ತದೆ. ಸ್ಪಿರಿಟ್‌ಗೆ ಬಗ್ಗದೆ ಥಿನ್ನರ್‌ಗೆ ಕರಗಿದರೆ ಎನ್.ಸಿ. (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿ.ಯು. (ಪಾಲಿಯುರೆಥೇನ್) ಅಥವಾ ಗಟ್ಟಿಯಾದ ವಾರ್ನಿಶ್. ನನ್ನದರಲ್ಲಿ ಮೇಲಿನ ಪದರ ಜಗ್ಗಲಿಲ್ಲ. ಸ್ವಲ್ಪ ಕೆರೆದು ಕೆಳಗೆ ಹತ್ತಿ ಒತ್ತಿದರೆ ಕೆಂಪು ಮಿಶ್ರಿತ ಕಂದು ಬಣ್ಣ ಹತ್ತಿಗೆ ಹತ್ತಿತು.

ಇನ್ನೊಂದು ಪರೀಕ್ಷೆ ನಡುವಿನ ದುಂಡು ರಂಧ್ರದ ಅಂಚಿನಲ್ಲಿ. ಅಲ್ಲಿ ಪದರ ಪದರವಾಗಿ ಕಂಡರೆ ಮೇಲ್ಭಾಗ ಪ್ಲೈವುಡ್ ಎಂದರ್ಥ. ಅದರ ಮೇಲ್ಪದರ ಒಂದು ಮಿಲಿಮೀಟರ್‌ಗಿಂತಲೂ ತೆಳು, ಮೆಷಿನ್ ಇಟ್ಟು ಉಜ್ಜಿದರೆ ಕೆಳಗಿನ ಅಡ್ಡ ನಾರು ಹೊರಗೆ ಬರುತ್ತದೆ. ಅಂಚಿನಲ್ಲಿ ಕಡು ಕಂದು, ನಡುವೆ ಜೇನು ಬಣ್ಣವಿರುವ ಸನ್‌ಬರ್ಸ್ಟ್ ಗಿಟಾರ್‌ಗಳಿಗೆ ಇನ್ನೂ ದೊಡ್ಡ ಅಪಾಯ. ಆ ಬಣ್ಣ ಸಾಮಾನ್ಯವಾಗಿ ಮರದಲ್ಲಿಲ್ಲ, ಪಾಲಿಶಿನಲ್ಲಿದೆ. ಪಾಲಿಶ್ ಹೋದರೆ ಬಣ್ಣವೂ ಹೋಯಿತು.

ಆದ್ದರಿಂದ ನಾನು ಆರಿಸಿಕೊಂಡ ಕೆಲಸ ವಾರ್ನಿಶ್ ತೆಗೆಯುವುದು ಮಾತ್ರ. ಆಚಾರ್ರು ಕೊಟ್ಟ ಉಪಕರಣ ಒಡೆದ ಗಾಜಿನ ಚೂರು. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಗಾಜನ್ನು ಸ್ವಲ್ಪ ಓರೆಯಾಗಿ ಹಿಡಿದು, ನಾರಿನ ಗುಂಟ ಎಳೆಯಬೇಕು. ಮೊದಮೊದಲು ಉದುರುವ ಪುಡಿ ಬಿಳಿಚಿಕೊಂಡಿರುತ್ತದೆ. ಪುಡಿಗೆ ಕೆಂಪು ತಿರುಗಿದ ಕೂಡಲೇ ಆ ಜಾಗ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಕಣ್ಣಿಗಿಂತ ಕೈಗೆ ಮೊದಲು ತಿಳಿಯುತ್ತದೆ, ಗಾಜು ಜಾರುವ ಬದಲು ಕಚ್ಚತೊಡಗುತ್ತದೆ. ಅಂಚಿನ ಬಿಳಿ ಪ್ಲಾಸ್ಟಿಕ್ ಪಟ್ಟಿಯ ಹತ್ತಿರ ಥಿನ್ನರ್ ತರಲೇಬಾರದು, ಅದು ಕರಗಿ ಮೆತ್ತಗಾಗುತ್ತದೆ. ತುಕ್ಕು ಹಿಡಿದ ಸ್ಕ್ರೂಗೆ ಸೋಲ್ಡರಿಂಗ್ ಕಡ್ಡಿಯ ಬಿಸಿ ತಾಗಿಸಿದರೆ ಹಿಡಿತ ಸಡಿಲವಾಗುತ್ತದೆ. ಬಿರಡೆಗಳಿಗೆ ಹೊಲಿಗೆ ಮೆಷಿನ್ ಎಣ್ಣೆಯ ಒಂದೊಂದು ತೊಟ್ಟು ಸಾಕು. ಬ್ರಾಸೋ ಹಾಕಿ ತಿಕ್ಕಿದರೆ ಲೇಪನವೇ ಸವೆದು ಹಿತ್ತಾಳೆ ಇಣುಕುತ್ತದೆ.

ಹೊಸ ಪಾಲಿಶ್‌ಗೂ ಅರಗನ್ನೇ ಬಳಸಿದೆ. ಜಾರ್ಖಂಡದ ಕಾಡುಗಳಲ್ಲಿ ಅರಗಿನ ಹುಳು ಕೊಂಬೆಯ ಮೇಲೆ ಕಟ್ಟುವ ಗೂಡಿನಿಂದ ಬರುವ ಪದಾರ್ಥ ಅದು. ನೂರು ಮಿಲಿಲೀಟರ್ ಸ್ಪಿರಿಟ್‌ಗೆ ಇಪ್ಪತ್ತು ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿಯಿಡೀ ಬಿಟ್ಟು ಸೋಸಿದೆ. ತುಂಬಾ ದಿನ ಇಟ್ಟ ದ್ರಾವಣ ಹಚ್ಚಿದ ಮೇಲೆ ಒಣಗುವುದಿಲ್ಲ, ಹಾಗಾಗಿ ಬೇಕಾದಷ್ಟೇ ಕಲಸಿಕೊಳ್ಳುವುದು ಮೇಲು. ಹತ್ತಿಯನ್ನು ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ದ್ರಾವಣ ಕುಡಿಸಿ, ಗಂಟು ಜಾರಲೆಂದು ಒಂದು ತೊಟ್ಟು ಎಣ್ಣೆ ಮುಟ್ಟಿಸಿ, ಸುರುಳಿ ಸುರುಳಿಯಾಗಿ ಹಚ್ಚುತ್ತಾ ಹೋಗಬೇಕು. ಕೈ ಒಂದೇ ಕಡೆ ನಿಂತರೆ ಕೆಳಗಿನ ಪದರವೂ ಕರಗಿ ಗಂಟಿಗೆ ಅಂಟುತ್ತದೆ. ಮಳೆ ಹಿಡಿದ ದಿನ ಈ ಕೆಲಸಕ್ಕೆ ಕೂರಲೇಬಾರದು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಪಾಲಿಶ್ ಬೆಳ್ಳಗೆ ಮಂಜು ಕವಿದಂತಾಗುತ್ತದೆ. ಕಿಟಕಿ ತೆರೆದಿರಬೇಕು, ಹತ್ತಿರದಲ್ಲಿ ಗ್ಯಾಸ್ ಒಲೆ ಉರಿಯಬಾರದು.

ಬೆನ್ನಿನ ಎರಡು ಪಟ್ಟೆ ಹಾಗೇ ಉಳಿಸಿದೆ, ಅವುಗಳ ಮೇಲೆ ತೆಳುವಾಗಿ ಒಂದು ಕೈ ಮಾತ್ರ. ಸ್ವರ ಮೊದಲಿಗಿಂತ ಬಿಡಿಬಿಡಿಯಾಗಿ ಕೇಳುತ್ತದೆ. ಅದರಲ್ಲಿ ಹೊಸ ತಂತಿಗಳ ಪಾಲೂ ಇರುವುದರಿಂದ ಪಾಲಿಶ್‌ಗೇ ಪೂರ್ತಿ ಹೆಸರು ಕೊಡಲಾರೆ.

ಫೆಂಡರ್, ರಿಕೆನ್‌ಬ್ಯಾಕರ್‌ನಂಥ ಹಳೇ ಅಮೆರಿಕನ್ ಸ್ಟೀಲ್ ಗಿಟಾರ್ ಕೈಯಲ್ಲಿದ್ದರೆ ಪಾಲಿಶ್ ಮಾಡುವ ಯೋಚನೆಯನ್ನೇ ಬಿಡುವುದು ವಾಸಿ. ಸಂಗ್ರಾಹಕರು ಬೆಲೆ ಕಟ್ಟುವುದು ಮೂಲ ಬಣ್ಣಕ್ಕೆ, ಹೊಸ ಹೊಳಪು ಬೆಲೆ ಇಳಿಸುತ್ತದೆ. ಮಾಡಲೇಬೇಕಾದ ವಾದ್ಯವಾದರೆ ನನ್ನದು ಒಂದೇ ಲೆಕ್ಕ: ನಾಳೆ ಇನ್ನೊಬ್ಬರು ತೆಗೆಯಲು ಆಗುವಂಥದ್ದನ್ನೇ ಹಚ್ಚಬೇಕು. ಆ ವಾರ್ನಿಶ್ ತೆಗೆಯಲು ನನಗೆ ಗಾಜಿನ ಚೂರು ಬೇಕಾಯಿತು. ನಾನು ಹಚ್ಚಿದ್ದು ಮುಂದಿನವರಿಗೆ ಹಿಡಿಸದಿದ್ದರೆ ಅವರಿಗೆ ಬೇಕಾಗುವುದು ಹತ್ತಿ ಮತ್ತು ಒಂದು ಬಾಟಲಿ ಸ್ಪಿರಿಟ್ ಅಷ್ಟೇ.